ಕೊನೆಯ ತಾರೀಕಿನ ಕಂಡಕ್ಟರ್

ನಮ್ಮ ಯಲ್ಲಾಪುರ–ಶಿರಸಿ ಬಸ್ಸಿನ ಕಂಡಕ್ಟರ್ ಮುಕ್ತಾರ್ ಬರೀ ಊರಿನ ಹೆಸರು ಕೂಗಿ ಸುಮ್ಮನಾದದ್ದನ್ನು ನಾನಂತೂ ಕಂಡಿಲ್ಲ. “ಮಂಚಿಕೇರಿ ಇಳಿಯೋರು ಮುಂದ ಬರ್ರಿ! ಡಿಗ್ರಿಯವರ ಸ್ಕಾಲರ್‌ಶಿಪ್ಪಿಗೆ ಶುಕ್ರವಾರ ಲಾಸ್ಟ್!” ಎಂದು ಎರಡನ್ನೂ ಒಂದೇ ಉಸಿರಿಗೆ ಒದರುತ್ತಾನೆ. ಪಾಸ್ ತೋರಿಸಿದ ಹುಡುಗನಿಗೆ, “ಪಾಸ್ ಇರ್ಲಿ, ಆದಾಯ ಪ್ರಮಾಣಪತ್ರ ಮಾಡ್ಸಿಯಾ?” ಅನ್ನುತ್ತಾನೆ. ಯಾರಾದರೂ “ನಾಳೆ ಕೊಟ್ಟರಾಯ್ತು” ಅಂದರೋ, ಅವರ ಪಾಡು ದೇವರಿಗೇ ಪ್ರೀತಿ. ಶಿರಸಿ ಬಸ್‌ಸ್ಟ್ಯಾಂಡು ಬರುವವರೆಗೂ ಉಪದೇಶ ತಪ್ಪಿದ್ದಲ್ಲ. ಚಿಲ್ಲರೆ ಕೊಡಲು ಮರೆತಾನು, ಅರ್ಜಿಯ ತಾರೀಕು ಮರೆಯಲಾರ. ಎಪ್ಪತ್ತು ದಾಟಿದ ನನ್ನನ್ನೂ ಬಿಟ್ಟವನಲ್ಲ, “ಮೊಮ್ಮಕ್ಕಳು ಯಾವ ಕ್ಲಾಸ್ರಿ?” ಎಂದು ವಿಚಾರಿಸಿ, ಅವರಿಗೆ ಸಿಗಬಹುದಾದ ಮೂರು ವಿದ್ಯಾರ್ಥಿವೇತನಗಳನ್ನು ಒಪ್ಪಿಸಿದ ಮೇಲೇ ಟಿಕೆಟ್ ಕೊಟ್ಟದ್ದು. ಆದರೆ ಶಿರಸಿಯ ಕಾಲೇಜು ಹಾಸ್ಟೆಲಿನಲ್ಲಿ ಅಡುಗೆ ಮಾಡುವ ಅವನ ಅಕ್ಕ ನಗ್ಮಾ ಹತ್ತಿದರೆ ಮಾತ್ರ ಮುಕ್ತಾರನ ಬಾಯಿ ಬಂದ್. ಪಿಯುಸಿಯಲ್ಲಿ ಕಾಲೇಜಿಗೇ ಮೊದಲು ಬಂದಿದ್ದ ಅವಳ ವಿದ್ಯಾರ್ಥಿವೇತನದ ಅರ್ಜಿಯನ್ನು ಕೊನೆಯ ದಿನ ಇವನ ಕೈಲಿ ಕೊಟ್ಟು ಕಳಿಸಿದ್ದರಂತೆ. ಇವನು ದಾರಿಯಲ್ಲಿ ಕ್ರಿಕೆಟ್ ಆಡುತ್ತ ನಿಂತು, ಬಸ್ಸು ತಪ್ಪಿಸಿಕೊಂಡು, ಮರುದಿನ ಹೋಗಿದ್ದನಂತೆ. ಈಗ ಅವಳ ಉಚಿತ ಟಿಕೆಟ್ಟನ್ನು ಮುಖ ನೋಡದೆ ಕೈಗಿಡುತ್ತಾನೆ. ಬಸ್ಸು ಎರಡು ತಿರುವು ದಾಟುತ್ತದೆ. ಆಮೇಲೆ ಅವಳೇ ಇಡೀ ಬಸ್ಸಿಗೆ ಕೇಳುವಂತೆ ಗದರುತ್ತಾಳೆ: “ಏನೋ ಮುಕ್ತಾರ್, ಇಷ್ಟು ಮಕ್ಕಳು ಕೂತಾರೆ, ಇವತ್ತು ಯಾವ ತಾರೀಕೂ ಇಲ್ಲೇನು? ಕೂಗು!”