ಮಂಚದ ಕೆಳಗಿನ ಕುಚ್ಚಲಕ್ಕಿ

ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಯಾರನ್ನು ಬೇಕಾದರೂ ಕೇಳಿ, ಒಂದೇ ಕತೆ ಹೇಳುತ್ತಾರೆ. ಆ ಮಳೆಗಾಲದಲ್ಲಿ ನೀರು ಮೂರು ದಿನ ನಿಂತಾಗ ನಮ್ಮಮ್ಮ ಮಂಚದ ಕೆಳಗೆ ಕೂಡಿಟ್ಟಿದ್ದ ಅಕ್ಕಿ ಬೇಳೆಯಿಂದ ನಮ್ಮ ಸಂಸಾರ ಉಳಿಯಿತು. ಅಷ್ಟೇ ಅಲ್ಲ, ಬಿಲ್ಡಿಂಗಿನ ಹಿಂದಿನ ಚಾಳಿನ ಸಾಲುಮನೆಯಿಂದ ಓಡಿಬಂದ ಹೆಂಗಸೊಬ್ಬಳ ಹೊಟ್ಟೆಯೂ ತುಂಬಿತು. ಕತೆ ಚೆನ್ನಾಗಿದೆ. ಮಳೆ ಇದೆ, ಮುಂದಾಲೋಚನೆ ಇದೆ, ಅನ್ನದಾನ ಇದೆ. ಸಾಕ್ಷಿ ಮಾತ್ರ ಇಲ್ಲ. ಆ ಮೂರು ದಿನ ಆ ಮನೆಯಲ್ಲಿದ್ದವರು ಅಮ್ಮ, ಆ ಹೆಂಗಸು ಮತ್ತು ನಾನು. ಕತೆ ಹೇಳುವುದು ಅಮ್ಮ ಒಬ್ಬಳೇ. ಆ ಹೆಂಗಸನ್ನು ಯಾರೂ ಕೇಳಿಲ್ಲ. ನಾನು ಕಾಲೇಜಿನ ಡಿಬೇಟ್ ತಂಡ ಸೇರಿದಂದಿನಿಂದ ನನ್ನನ್ನು ಏನನ್ನಾದರೂ ಕೇಳುವ ಧೈರ್ಯ ಬಿಲ್ಡಿಂಗಿನಲ್ಲಿ ಯಾರಿಗೂ ಉಳಿದಿಲ್ಲ.

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆ ದಾಸ್ತಾನಿನ ಅರ್ಧ ಪಾಪ ನನ್ನದು.

ಲಾಕ್‌ಡೌನಿನಲ್ಲಿ ಅಮ್ಮ ಒಂದು ದಿನ ಕಿರಾಣಿ ಅಂಗಡಿಯ ಮುಂದೆ ಸುಣ್ಣದ ವೃತ್ತದೊಳಗೆ ಎರಡು ಗಂಟೆ ನಿಂತು, ಸರದಿ ಬಂದಾಗ ಅಕ್ಕಿ ಮುಗಿದಿದೆ ಎಂದು ಕೇಳಿಸಿಕೊಂಡು ಬರಿ ಚೀಲ ಹಿಡಿದು ಮನೆಗೆ ಬಂದಳು. ಆವತ್ತೇ ನಿರ್ಧಾರವಾಯಿತು. ಇನ್ನು ಮೇಲೆ ನಮ್ಮ ಮನೆಯಲ್ಲಿ ಯಾವಾಗಲೂ ಮೂರು ತಿಂಗಳಿಗಾಗುವಷ್ಟು ದಿನಸಿ ಇರತಕ್ಕದ್ದು. ಅಪ್ಪ ಠಾಣೆಯ ನೌಪಾಡಾದಲ್ಲಿ ಒಂದು ಉಡುಪಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವರು. ಲೋಕಲ್ ರೈಲು ಮತ್ತೆ ಶುರುವಾದ ಮೇಲೆ ಅಲ್ಲಿಂದ ಖಾಲಿ ಎಣ್ಣೆ ಡಬ್ಬಿಗಳನ್ನು, ಉಪ್ಪಿನಕಾಯಿಯ ನೀಲಿ ಡ್ರಮ್ಮುಗಳನ್ನು ಒಂದೊಂದಾಗಿ ತಂದರು. ಡ್ರಮ್ಮು ಹಿಡಿದು ಸಂಜೆಯ ಡೊಂಬಿವಲಿ ಲೋಕಲ್ ಹತ್ತಿದವರಿಗೆ ಜನರ ಬೈಗುಳದ ಭಂಡಾರವೆಲ್ಲ ಪರಿಚಯವಾಗುತ್ತದೆ. ಅಪ್ಪನ ಮರಾಠಿ ಸುಧಾರಿಸಿದ್ದು ಆ ತಿಂಗಳಲ್ಲಿ. ಒಂದು ಕೋಣೆ, ಒಂದು ಹಾಲು, ಒಂದು ಅಡುಗೆಮನೆಯ ಮನೆ ನಮ್ಮದು. ಡ್ರಮ್ಮುಗಳೆಲ್ಲ ಪೆಟ್ಟಿಗೆ ಮಂಚದ ಹೊಟ್ಟೆಗೆ ಹೋದವು. ಅದರ ಮೇಲೆ ಮಲಗುವವಳು ನಾನು. ಎರಡು ವರ್ಷ ನನ್ನ ಬೆನ್ನಿಗೆ ಸಾಸಿವೆಯೆಣ್ಣೆಯ ವಾಸನೆ ಅಂಟಿಕೊಂಡಿತ್ತು.

ಪಟ್ಟಿ ಮಾಡಿದವಳು ನಾನು. ಉದ್ದನೆಯ ಪುಸ್ತಕದಲ್ಲಿ ಗೆರೆ ಎಳೆದು ಬರೆದೆ: ಕುಚ್ಚಲಕ್ಕಿ, ತೊಗರಿಬೇಳೆ, ಉದ್ದು, ಹೆಸರು, ಹುರುಳಿ, ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಪುನರ್ಪುಳಿ, ಬೆಲ್ಲ. ತಲೆಗೆ ಇಷ್ಟು, ದಿನಕ್ಕೆ ಇಷ್ಟು, ಹಾಳಾಗುವುದಕ್ಕೆ ಇಷ್ಟು. ಪ್ರತಿ ಡಬ್ಬಿಯ ಮೇಲೂ ತುಂಬಿದ ತಾರೀಖಿನ ಚೀಟಿ. ಹಳೆಯದನ್ನು ಮೊದಲು ಖರ್ಚು ಮಾಡಬೇಕು, ಹೊಸದನ್ನು ಹಿಂದೆ ಇಡಬೇಕು ಎಂದು ಅಮ್ಮನ ಹತ್ತಿರ ಅರ್ಧ ಗಂಟೆ ವಾದಿಸಿದೆ. ಅಮ್ಮ ಕೇಳಿಸಿಕೊಂಡಳು, ಹೊಸ ಅಕ್ಕಿಯನ್ನು ಹಳೆಯ ಅಕ್ಕಿಯ ಮೇಲೆ ಸುರಿದಳು. ಅವಳ ಪ್ರಕಾರ ಅಕ್ಕಿ ಡಬ್ಬಿಯ ತಳ ಯಾವತ್ತೂ ಕಾಣಬಾರದು, ಕಂಡರೆ ಮನೆಗೆ ಒಳ್ಳೆಯದಲ್ಲ. ಹಾಗಾಗಿ ತಳದ ಅಕ್ಕಿ ಯಾವ ಕಾಲದ್ದೆಂದು ದೇವರಿಗೂ ಗೊತ್ತಿರಲಿಲ್ಲ. ಅಲ್ಲಿದ್ದ ಹುಳುಗಳು ಮುಂಬಯಿಯಲ್ಲಿ ಪಗಡಿಯೆಂಬ ಮುಂಗಡ ಕೊಟ್ಟು ಕೂತ, ಯಾರೂ ಎಬ್ಬಿಸಲಾಗದ ಹಳೆಯ ಬಾಡಿಗೆದಾರರ ಹಾಗೆ; ಬೇವಿನ ಸೊಪ್ಪು ಹಾಕಿದರೂ ಏಳಲಿಲ್ಲ, ಒಣಮೆಣಸು ಹಾಕಿದರೂ ಏಳಲಿಲ್ಲ.

ಇನ್ನು ಆ ಹೆಂಗಸು. ಕಲಬುರಗಿ ಕಡೆಯವಳು, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು, ನಾನು ಅಕ್ಕ ಎನ್ನುತ್ತೇನೆ. ಗಂಡ ರಬಾಳೆಯ ಕಾರ್ಖಾನೆಯೊಂದರಲ್ಲಿ ಲೋಡಿಂಗ್ ಕೆಲಸ. ಅಕ್ಕ ನಮ್ಮ ಬಿಲ್ಡಿಂಗಿನ ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆದು ನೆಲ ಒರೆಸುತ್ತಾಳೆ. ನಮ್ಮ ಮನೆಯೂ ಅದರಲ್ಲಿ ಒಂದು. ಕೆಲಸ ಮುಗಿದ ಮೇಲೆ ಅಮ್ಮ ಚಹಾ ಕೊಡುತ್ತಾಳೆ, ಚಹಾದ ಲೋಟ ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ ಬೇರೆಯಾಗಿ ಕವುಚಿಕೊಂಡಿರುತ್ತದೆ. ಒಮ್ಮೆ ಯಾಕೆ ಎಂದು ಕೇಳಿದ್ದಕ್ಕೆ ಅದು ಅವಳ ಲೋಟ, ಅವಳಿಗೆ ಅದೇ ಅಭ್ಯಾಸ ಎಂದಳು ಅಮ್ಮ. ಕಾಲೇಜಿನಲ್ಲಿ ಸಮಾನತೆಯ ಪರವಾಗಿ ಏಳು ನಿಮಿಷ ಗುಡುಗಿ ನಾನು ಕಪ್ ಗೆದ್ದುಕೊಂಡು ಬಂದ ದಿನವೂ ಆ ಲೋಟ ಅಲ್ಲೇ ಇತ್ತು. ಕಪ್ಪನ್ನು ಶೋಕೇಸಿನಲ್ಲಿ ಇಟ್ಟೆ. ಲೋಟವನ್ನು ಮುಟ್ಟಲಿಲ್ಲ.

ನೀರು ಬಂದ ದಿನ ಬೆಳಿಗ್ಗೆ ಹಿಂದಿನ ಚಾಳಿನಲ್ಲಿ ಸೊಂಟದವರೆಗೆ ಏರಿತು. ಲೋಕಲ್ ನಿಂತಿತು. ಅಪ್ಪ ನೌಪಾಡಾದಲ್ಲೇ ಉಳಿದರು. ಅಲ್ಲಿ ಜನರೇಟರ್ ಇತ್ತು, ದೋಸೆಯೂ ಇತ್ತು, ಫೋನಿನಲ್ಲಿ ನಮಗೆ ಧೈರ್ಯ ಹೇಳುವಾಗ ಹಿಂದೆ ಕಾವಲಿಯ ಚುಂಯ್ ಸದ್ದು ಕೇಳುತ್ತಿತ್ತು. ಅಕ್ಕನ ಗಂಡ ರಬಾಳೆಯಲ್ಲಿ ಸಿಕ್ಕಿಹಾಕಿಕೊಂಡ. ಅಕ್ಕ ಬಟ್ಟೆಯ ಗಂಟು ಹೆಗಲಿಗೆ ಹಾಕಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ತಗಡಿನ ಡಬ್ಬಿ ತಲೆಯ ಮೇಲಿಟ್ಟುಕೊಂಡು ನಮ್ಮ ಮೆಟ್ಟಿಲು ಹತ್ತಿ ಬಂದು ಬಾಗಿಲ ಹೊರಗೆ ನಿಂತಳು. ಇಲ್ಲಿ ಅಮ್ಮನಿಗೆ ಅನ್ಯಾಯ ಮಾಡಬಾರದು. ಬಾಗಿಲು ತೆರೆದವಳು ಅಮ್ಮ. ಅಲ್ಲೆಂತ ನಿಂತದ್ದು ಮಾರಾಯ್ತಿ ಎಂದು ಗದರಿ, ತೋಳು ಹಿಡಿದೇ ಒಳಗೆ ಕರೆದುಕೊಂಡಳು.

ಆ ದಿನ ಅಮ್ಮನ ಮುಖ ನೋಡಬೇಕಿತ್ತು. ಊರಿಗೆಲ್ಲ ಆಪತ್ತು, ಅವಳಿಗೆ ಉದ್ಘಾಟನೆ. ಮಂಚದ ಹಲಗೆ ಎತ್ತಿಸಿ, ಕುಚ್ಚಲಕ್ಕಿ ಅಳೆದು ಹಾಕಿ, ಹುರುಳಿ ಸಾರು ಮಾಡಿ, ಹಪ್ಪಳ ಕರಿದು ಮೂವರು ಉಂಡೆವು. ಅಕ್ಕ ಬಾಗಿಲ ಹತ್ತಿರ ಕೂತು ಉಂಡಳು. ಕತೆಯ ಈ ಭಾಗ ನೂರಕ್ಕೆ ನೂರು ಸತ್ಯ.

ಕುಚ್ಚಲಕ್ಕಿಯನ್ನು ಬೇಯಿಸಿ ಗೊತ್ತಿಲ್ಲದವರಿಗೆ ಹೇಳಬೇಕು. ಅದು ಆಪತ್ತಿಗೆ ಆಗುವ ಧಾನ್ಯವಲ್ಲ. ಕುಕ್ಕರಿನಲ್ಲಿ ಎಂಟು ಸೀಟಿ, ಪಾತ್ರೆಯಲ್ಲಾದರೆ ಮುಕ್ಕಾಲು ಗಂಟೆ ಕೊತಕೊತ; ನೀರು ಬಿಂದಿಗೆಗಟ್ಟಲೆ, ಗ್ಯಾಸು ಸಿಲಿಂಡರುಗಟ್ಟಲೆ. ಮೊದಲ ದಿನ ಸಂಜೆಗೆ ಕರೆಂಟು ಹೋಗಿ, ಪಂಪಿನ ಕೋಣೆ ಮುಳುಗಿ ಮೇಲಿನ ನೀರಿನ ಟಾಕಿ ಖಾಲಿಯಾಯಿತು. ಉಳಿದದ್ದು ಕುಡಿಯಲು ತುಂಬಿಟ್ಟಿದ್ದ ಕೊಡ ಒಂದೇ. ಎರಡನೇ ದಿನ ಬೆಳಿಗ್ಗೆ ಅದರಲ್ಲೇ ಅರ್ಧ ಸುರಿದು ಅಮ್ಮ ಕುಕ್ಕರ್ ಇಟ್ಟಳು. ಐದನೇ ಸೀಟಿಗೆ ಗ್ಯಾಸು ಮುಗಿಯಿತು. ಇನ್ನೊಂದು ಸಿಲಿಂಡರ್ ಬುಕ್ ಆಗಿತ್ತು, ಅದರ ಟೆಂಪೊ ಕಲ್ಯಾಣದಾಚೆ ಎಲ್ಲೋ ನೀರಿನಲ್ಲಿ ನಿಂತಿತ್ತು. ಮುಚ್ಚಳ ತೆಗೆದರೆ ಅಕ್ಕಿ ಅರ್ಧ ಬೆಂದಿದೆ. ಹಲ್ಲಿಗೆ ಸಿಕ್ಕರೆ ರೈಲು ಹಳಿಯ ಜಲ್ಲಿಯ ಹಾಗೆ.

ಆಗ ನಾನು ನನ್ನ ಪಟ್ಟಿಯನ್ನು ತೆಗೆದು ಓದಿದೆ. ಬೇಳೆಗೆ ಕುಕ್ಕರ್ ಬೇಕು. ಉದ್ದಿಗೆ ಗ್ರೈಂಡರ್ ಬೇಕು, ಗ್ರೈಂಡರಿಗೆ ಕರೆಂಟು ಬೇಕು. ಹಪ್ಪಳಕ್ಕೆ ಕಾದ ಎಣ್ಣೆ ಬೇಕು. ಮೂರು ತಿಂಗಳ ನಮ್ಮ ಆಪತ್ಕಾಲದ ದಾಸ್ತಾನಿನಲ್ಲಿ ಹಾಗೇ ಬಾಯಿಗೆ ಹಾಕಿಕೊಳ್ಳಬಹುದಾದದ್ದು ಎರಡೇ, ಬೆಲ್ಲ ಮತ್ತು ಮಿಡಿ ಉಪ್ಪಿನಕಾಯಿ. ಎದುರು ಪಕ್ಷದವರ ವಾದದಲ್ಲಿ ತೂತು ಹುಡುಕಿ ಹೆಸರು ಮಾಡಿದವಳು ನಾನು. ಅಷ್ಟುದ್ದದ ಆ ಪಟ್ಟಿಯಲ್ಲಿ ನೀರಿಗೆ ಒಂದು ಗೆರೆ ಇರಲಿಲ್ಲ ಎಂಬುದು ಎರಡು ವರ್ಷ ಕಣ್ಣಿಗೆ ಬಿದ್ದಿರಲಿಲ್ಲ.

ಎರಡನೇ ದಿನ ಇಡೀ ಬೆಲ್ಲ ಮತ್ತು ಉಪ್ಪಿನಕಾಯಿ. ಬೆಲ್ಲ ತಿಂದರೆ ನೀರಡಿಕೆ, ಉಪ್ಪಿನಕಾಯಿ ತಿಂದರೆ ಇನ್ನೂ ನೀರಡಿಕೆ. ಸಂಜೆಗೆ ಅಮ್ಮನಿಗೆ ತಲೆ ಸುತ್ತಿತು. ಗೋಡೆಗೆ ಒರಗಿ ಕೂತಳು, ಮಾತು ನಿಂತಿತು. ನಮ್ಮ ಮನೆಯಲ್ಲಿ ಅಮ್ಮನ ಮಾತು ನಿಲ್ಲುವುದು ಕರೆಂಟು ಹೋಗುವುದಕ್ಕಿಂತ ಗಂಭೀರ. ಅಕ್ಕ ಮೂಲೆಯಲ್ಲಿ ತನ್ನ ಡಬ್ಬಿಯ ಪಕ್ಕ ಕೂತು ಅಮ್ಮನನ್ನೇ ನೋಡುತ್ತಿದ್ದಳು.

ಮೂರನೇ ದಿನ ಬೆಳಿಗ್ಗೆ ಅಕ್ಕ ಡಬ್ಬಿಯ ಪ್ಲಾಸ್ಟಿಕ್ ಬಿಚ್ಚಿ ಅಮ್ಮನ ಕಡೆ ತಿರುಗಿದಳು. "ಅಕ್ಕಾರ, ರೊಟ್ಟಿ ಅದಾವ್ರಿ," ಅಂದಳು. "ನೀರು ಬ್ಯಾಡ, ಗ್ಯಾಸ್ ಬ್ಯಾಡ. ನನ್ನ ಕೈಯಾಂದು ನಿಮಗ ನಡೀತದೋ ಇಲ್ಲೋ ಅಂತ ನಿನ್ನಿ ಸುಮ್ನ ಕುಂತಿದ್ದೆ."

ಡಬ್ಬಿಯ ತುಂಬ ಖಡಕ್ ರೊಟ್ಟಿ. ಜೋಳದ್ದು, ಹಪ್ಪಳದಷ್ಟು ತೆಳ್ಳಗೆ ಬಡಿದು, ಬೇಯಿಸಿ, ಒಣಗಿಸಿ ಒಂದರ ಮೇಲೊಂದು ಪೇರಿಸಿದ್ದು. ಅವರ ಕಡೆ ಊರು ಬಿಟ್ಟು ದುಡಿಯಲು ಹೊರಡುವವರು ಎರಡು ತಿಂಗಳಿಗಾಗುವಷ್ಟು ಹೀಗೆ ಬಡಿದುಕೊಂಡೇ ಹೊರಡುತ್ತಾರಂತೆ. ಮುಂಬಯಿಗೆ ಮೊದಲ ಸಲ ಬಂದಾಗ ಒಲೆ ಸಿಗುವವರೆಗೆ ಅವರಿಬ್ಬರೂ ಬದುಕಿದ್ದು ಅದರಲ್ಲೇ. ಪಟ್ಟಿ ಇಲ್ಲ, ಚೀಟಿ ಇಲ್ಲ. ಜತೆಗೆ ಶೇಂಗಾ ಹಿಂಡಿಯ, ಅಂದರೆ ಕಡಲೆಕಾಯಿ ಚಟ್ನಿಪುಡಿಯ, ಒಂದು ಪೊಟ್ಟಣ.

ನಾನು ಮೊದಲು ತಗೊಂಡೆ. ಮುರಿದ ಸದ್ದಿಗೆ ಅಮ್ಮ ಕಣ್ಣು ತೆರೆದಳು. ಅಕ್ಕ ಒಂದು ರೊಟ್ಟಿಯ ಮೇಲೆ ಹಿಂಡಿ ಉದುರಿಸಿ, ಕೊಡಬೇಕೋ ಬೇಡವೋ ಎಂಬಂತೆ ಕೈ ಅರ್ಧ ಚಾಚಿ ಹಿಡಿದಳು. ಅಮ್ಮ ಇಸಿದುಕೊಂಡಳು. ತಿಂದಳು. ನಿಧಾನಕ್ಕೆ, ಚೂರು ಬೀಳದ ಹಾಗೆ ಸೆರಗು ಒಡ್ಡಿ ತಿಂದಳು. ಮುಗಿದ ಮೇಲೆ ಯಾರ ಮುಖವನ್ನೂ ನೋಡದೆ ಕೇಳಿದಳು.

"ಇನ್ನೊಂದು ಉಂಟಾ?"

ನಾಲ್ಕು ತಿಂದಳು. ಸಂಜೆಗೆ ನೀರು ಇಳಿಯಿತು, ಮರುದಿನ ಅಪ್ಪ ಇಡ್ಲಿ ಕಟ್ಟಿಸಿಕೊಂಡು ಬಂದರು.

ಒಂದು ತಿಂಗಳು ಕಿಟಕಿಯ ಲೋಟ ನಮ್ಮ ಲೋಟಗಳ ಜತೆ ಸ್ಟ್ಯಾಂಡಿನಲ್ಲಿ ಇತ್ತು. ಕಾಮೋಠೆಯಿಂದ ಸೋದರತ್ತೆ ಬಂದ ದಿನ ಅದು ಮತ್ತೆ ಕಿಟಕಿಗೆ ಹೋಯಿತು. ಅತ್ತೆ ವಾಪಸು ಹೋದಳು, ಲೋಟ ವಾಪಸು ಬರಲಿಲ್ಲ. ಕತೆಯಿಂದ ರೊಟ್ಟಿ ಉದುರಿದ್ದೂ ಸುಮಾರು ಅದೇ ಹೊತ್ತಿಗೆ ಇರಬೇಕು. ಅತ್ತೆಗೆ ಹೇಳುವಾಗ ಮೊದಲ ದಿನದ ಊಟ ಮೂರು ದಿನಕ್ಕೆ ಹಿಗ್ಗಿತು.

ಈ ವರ್ಷ ಮಳೆಗೆ ಮುಂಚೆ ನಮ್ಮ ಕಡೆಯ ಕನ್ನಡ ಹೆಂಗಸರ ಮಂಡಳಿ ಒಂದು ತೀರ್ಮಾನ ಮಾಡಿತು. ಪ್ರತಿ ಮನೆಯಲ್ಲೂ ಆಪತ್ತಿನ ದಿನಸಿ ಇರಬೇಕು, ಸಾಮಾನನ್ನು ಎಲ್ಲರೂ ಸೇರಿ ಒಟ್ಟಿಗೆ ತರಿಸೋಣ, ಏನೇನು ಬೇಕೆಂದು ಅನುಭವ ಇದ್ದವರು ಹೇಳಲಿ. ಅನುಭವ ಇದ್ದವರು ಅಂದರೆ ಅಮ್ಮ. ಸುದ್ದಿ ಕೇಳಿ ಅಕ್ಕ ನನ್ನನ್ನು ಮೆಟ್ಟಿಲಲ್ಲಿ ತಡೆದಳು. ಮಂಡಳಿಯ ಪಟ್ಟಿಯಲ್ಲಿ ರೊಟ್ಟಿ ಸೇರಿದರೆ ನಲವತ್ತು ಮನೆಯ ಆರ್ಡರ್. ನಾಲ್ಕು ಮನೆಯ ಪಾತ್ರೆ ಬಿಟ್ಟು ತನ್ನ ಮನೆಯ ಒಲೆಯ ಮುಂದೆ ಕೂತು ದುಡಿಯಬಹುದು. ಸೋಪಿನ ನೀರಿಗೆ ಅವಳ ಬೆರಳ ಸಂದಿ ಒಡೆದು ವರ್ಷವಾಗಿದೆ, ಡಾಕ್ಟರು ನೀರು ಮುಟ್ಟಬೇಡಿ ಎಂದಿದ್ದಾರೆ. ಪಾತ್ರೆ ತೊಳೆಯುವವಳಿಗೆ ಕೊಡುವ ಸಲಹೆ ನೋಡಿ.

"ತಂಗಿ, ನಿಮ್ಮವ್ವಾರು ಒಂದ್ ಮಾತು ಅಂದ್ರ ಸಾಕು ನೋಡ್ರಿ," ಅಂದಳು. "ಅವರು ತಿಂದಾರಂದ್ರ ಎಲ್ಲಾರೂ ತಿಂತಾರ."

ಮನೆಗೆ ಬಂದು, ಮಂಡಳಿಗೆ ರೊಟ್ಟಿಯ ಮಾತನ್ನೂ ಹೇಳು ಎಂದು ಅಮ್ಮನ ಹತ್ತಿರ ವಾದ ಶುರು ಮಾಡಿದೆ. ಮನೆಯಲ್ಲಿ ನಮ್ಮದು ತುಳು. ಕನ್ನಡಕ್ಕೆ ತಂದರೆ ಅಮ್ಮನ ಮಾತಿನ ಅರ್ಧ ಖಾರ ಹೋಗುತ್ತದೆ, ಆದರೂ ಹೇಳುತ್ತೇನೆ. ತಾನು ಸುಳ್ಳು ಹೇಳಿದ್ದೆಲ್ಲಿ ಎಂದು ಕೇಳಿದಳು. ಅಕ್ಕಿ ಇತ್ತೋ ಇಲ್ಲವೋ? ಇತ್ತು. ಅವಳು ಉಂಡಳೋ ಇಲ್ಲವೋ? ಉಂಡಳು. ಉಳಿದದ್ದನ್ನು ಹೇಳದೆ ಬಿಟ್ಟರೆ ಅದು ಸುಳ್ಳು ಹೇಗಾಗುತ್ತದೆ? ಈ ತಂತ್ರ ನನಗೆ ಗೊತ್ತು. ಎರಡು ಫೈನಲ್ ಇದರಿಂದಲೇ ಗೆದ್ದಿದ್ದೇನೆ. ಎಲ್ಲಿಂದ ಬಂತೆಂದು ಈಗ ತಿಳಿಯಿತು.

ನಾನು ಬಿಡಲಿಲ್ಲ. ಅವಳ ಬೆರಳು ನೋಡಿದ್ದೀಯಾ ಎಂದೆ. ಅಮ್ಮ ಸ್ವಲ್ಪ ಹೊತ್ತು ಬೆಂಡೆಕಾಯಿ ಹೆಚ್ಚಿದಳು. ಆಮೇಲೆ ದನಿ ತಗ್ಗಿಸಿ, "ನನ್ನ ಮನೆಗೆ ಆಸರೆ ಕೇಳಿ ಬಂದವಳ ಕೈಯಿಂದ ತಿಂದು ಬದುಕಿದೆ ಅಂತ ಮೈಕು ಹಿಡಿದು ಹೇಳ್ಬೇಕಾ ನಾನು? ಅಷ್ಟು ಜನರ ಎದುರು?" ಎಂದಳು. ಹೌದು ಎನ್ನಬಹುದಿತ್ತು. ಆದರೆ ನಾನು ಗೆದ್ದ ಕಪ್ ಶೋಕೇಸಿನಲ್ಲಿ ಹೊಳೆಯುತ್ತಿತ್ತು, ಲೋಟ ಕಿಟಕಿಯಲ್ಲಿ ಹೊಳೆಯುತ್ತಿತ್ತು. ಎರಡನ್ನೂ ಅಲ್ಲಲ್ಲೇ ಬಿಟ್ಟವಳು ನಾನೂ ಹೌದಲ್ಲ.

ಭಾನುವಾರ ಶಾಲೆಯೊಂದರ ಹಾಲಿನಲ್ಲಿ ಸಭೆ. ಅಕ್ಕ ಇಸ್ತ್ರಿ ಮಾಡಿದ ಸೀರೆ ಉಟ್ಟು, ಕೊನೆಯ ಸಾಲಿನಲ್ಲಿ, ಅದೇ ತಗಡಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಯಾರಾದರೂ ಕೇಳಿದರೆ ರುಚಿ ತೋರಿಸಲು ತಂದದ್ದು. ಯಾರೂ ಕೇಳಲಿಲ್ಲ. ಅಮ್ಮ ಚೆನ್ನಾಗಿ ಮಾತಾಡಿದಳು, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ, ಎಲ್ಲಿ ನಗಿಸಬೇಕೋ ಅಲ್ಲಿ ನಗಿಸಿ. ಮೂರು ದಿನ, ಮಂಚದ ಕೆಳಗಿನ ಡ್ರಮ್ಮು, ಕುಚ್ಚಲಕ್ಕಿಯ ಗಂಜಿ, ಹಿಂದಿನ ಚಾಳಿನಿಂದ ಬಂದ ಪಾಪದ ಹೆಂಗಸು. ಚಪ್ಪಾಳೆ ಬಿತ್ತು. ಕೊನೆಯ ಸಾಲಿನಲ್ಲಿ ಅಕ್ಕನೂ ತಟ್ಟಿದಳು, ಡಬ್ಬಿ ಜಾರದ ಹಾಗೆ ಮೊಣಕೈಯಿಂದ ಒತ್ತಿ ಹಿಡಿದು.

ಕಾರ್ಯದರ್ಶಿ ಹಲಗೆಯ ಮೇಲೆ ಒಂದನೇ ನಂಬರ್ ಹಾಕಿ ಕುಚ್ಚಲಕ್ಕಿ ಎಂದು ಬರೆದರು. ಆಮೇಲೆ ಬೇಳೆ, ಉದ್ದು, ಹಪ್ಪಳ. ನನ್ನ ಹಳೆಯ ಪಟ್ಟಿಯೇ, ನೀರಿಗೆ ಇಲ್ಲೂ ಒಂದು ಗೆರೆ ಇಲ್ಲ. ಬೇರೇನಾದರೂ ಸೇರಿಸುವುದಿದೆಯಾ ಎಂದು ಕೇಳಿ, ಸೀಮೆಸುಣ್ಣ ಕೆಳಗಿಡಲು ಹೊರಟರು.

ನಾನು ಎದ್ದು ನಿಂತೆ. ಅಮ್ಮ ವೇದಿಕೆಯಿಂದ ನನ್ನನ್ನು ನೋಡಿ, ಕಣ್ಣಲ್ಲೇ ತುಳುವಿನಲ್ಲಿ ಕೂತುಕೋ ಎಂದಳು. ಆಮೇಲೆ ಅವಳ ಕಣ್ಣು ನನ್ನನ್ನು ದಾಟಿ ಕೊನೆಯ ಸಾಲಿಗೆ, ಅಕ್ಕನ ತೊಡೆಯ ಮೇಲಿದ್ದ ಡಬ್ಬಿಗೆ ಹೋಗಿ ನಿಂತಿತು. ಮೈಕು ಇನ್ನೂ ಅವಳ ಕೈಯಲ್ಲೇ ಇತ್ತು. ನಾನು ಕೇಳಿದೆ.

"ಅಮ್ಮ, ಮೂರನೇ ದಿನ ಬೆಳಿಗ್ಗೆ ಗೋಡೆಗೆ ಒರಗಿಕೊಂಡು ನೀನು 'ಇನ್ನೊಂದು ಉಂಟಾ' ಅಂತ ಕೇಳಿದ್ದು ಏನನ್ನ? ಯಾರ ಹತ್ತಿರ?"