ಸಂಜೆ ನಾಲ್ಕರ ಬಿಸಿನೀರು

ನಮ್ಮ ಮನೆಯ ತಾಮ್ರದ ಹಂಡೆ ತೂತು ಬಿದ್ದ ದಿನ ನನಗೆ ಸ್ವರ್ಗ ಮೂರೇ ಗೇಣು. ಮನೆಯವರೆಲ್ಲ ಬಚ್ಚಲ ಬಾಗಿಲಲ್ಲಿ ನಿಂತು, ಒಲೆಗೆ ನೀರು ಸೋರಿ ಬೂದಿ ಕೆಸರಾಗಿದ್ದನ್ನು ನೋಡಿ ಲೊಚಗುಟ್ಟುತ್ತಿದ್ದರು. ನಾನೂ ಲೊಚಗುಟ್ಟಿದೆ. ಸುಳ್ಳು ಯಾಕೆ ಹೇಳಲಿ, ಸೆರಗಿನ ಮರೆಯಲ್ಲಿ ನಗುತ್ತಿದ್ದೆ. ಕಲಾಯಿಯವನು ಬಂದು ತಳ ಬಡಿದು ನೋಡಿದ, ಇದು ಇನ್ನು ಬೆಸುಗೆ ಹಿಡಿಯುವುದಿಲ್ಲ ಎಂದು ಹೇಳಿ ಹೋದ.

ಆ ಹಂಡೆಗೂ ನನಗೂ ಹದಿನಾಲ್ಕು ವರ್ಷದ ಹಗೆ. ಹಡಗಲಿಯಿಂದ ಕೊಟ್ಟೂರಿಗೆ ಸೊಸೆಯಾಗಿ ಬಂದ ಮರುವಾರದಿಂದಲೇ ಬೆಳಗಿನ ಐದಕ್ಕೆ ಎದ್ದು ಅದರ ಒಲೆ ಹಚ್ಚುವುದು ನನ್ನ ಪಾಲಿಗೆ ಬಂತು. ಸೂರ್ಯಕಾಂತಿ ದಂಟು, ತೊಗರಿ ಕಟ್ಟಿಗೆ, ಕಾಳು ಬಿಡಿಸಿದ ಮೆಕ್ಕೆಜೋಳದ ಬೆಂಡು, ಯಾವ ಕಾಲಕ್ಕೆ ಏನು ಸಿಕ್ಕರೆ ಅದು. ಮಳೆಗಾಲದಲ್ಲಿ ಊದುಗೊಳವೆ ಊದಿ ಊದಿ ಕಣ್ಣು ಕೆಂಡವಾಗುತ್ತಿದ್ದವು. ಹೊಗೆಯನ್ನಾದರೂ ಸಹಿಸಿಯೇನು, ನನಗೆ ಸಹಿಸಲು ಆಗದೆ ಇದ್ದದ್ದು ಸಾಲು. ಮೊದಲು ಮಾವ, ಅವರು ಸ್ನಾನ ಮಾಡಿ ಲಿಂಗಪೂಜೆಗೆ ಕೂರಬೇಕು. ಆಮೇಲೆ ಅಂಗಡಿ ತೆಗೆಯುವ ನನ್ನ ಗಂಡ, ಆಮೇಲೆ ಮೈದುನ, ಆಮೇಲೆ ಶಾಲೆಗೆ ಹೋಗುವ ನನ್ನ ಇಬ್ಬರು ಮಕ್ಕಳು, ಆಮೇಲೆ ಅತ್ತೆ. ಕೊನೆಗೆ ನಾನು. ಆ ಹೊತ್ತಿಗೆ ತಂಬಿಗೆ ಹಂಡೆಯ ತಳಕ್ಕೆ ತಾಗಿ ಕರಕರ ಎನ್ನುತ್ತಿತ್ತು. ಉಳಿದಿರುವುದು ಉಗುರುಬೆಚ್ಚಗಿನ ನೀರು, ಅದರ ಮೇಲೊಂದಿಷ್ಟು ಬೂದಿ. ಅದಕ್ಕೇ ಒಂದು ಕೊಡ ತಣ್ಣೀರು ಸುರಿದು ಹೆಚ್ಚು ಮಾಡಿಕೊಂಡು ಮೈ ತೊಳೆಯುತ್ತಿದ್ದೆ. ತವರಿನಲ್ಲಿ ಬಾಣಂತನ ಮಾಡಿಸಿಕೊಂಡ ಎರಡು ಸಲ ಬಿಟ್ಟರೆ, ಮದುವೆಯಾದ ಮೇಲೆ ಬಿಸಿನೀರು ಎನ್ನುವುದು ನಾನು ಬೇರೆಯವರಿಗೆ ಕಾಯಿಸಿಕೊಡುವ ಪದಾರ್ಥವಾಗಿತ್ತು.

ಹಂಡೆ ಹೋದ ರಾತ್ರಿ ಊಟ ಮಾಡುತ್ತ ಗಂಡಸರು ಮೂವರೂ ಮುಂದಿನ ಏರ್ಪಾಟು ಮಾತಾಡಿದರು. ಮಾವನಿಗೆ ಹೊಸ ಹಂಡೆಯೇ ಬೇಕು, ಅದೂ ಎರಡು ಕೊಡ ಹೆಚ್ಚು ಹಿಡಿಯುವಂಥದ್ದು. ನನ್ನ ಗಂಡನಿಗೆ ಹರಪನಹಳ್ಳಿಯ ಗೆಳೆಯನ ಮನೆಯಲ್ಲಿ ನೋಡಿದ ಕರೆಂಟಿನ ಗೀಸರ್ ಮೇಲೆ ಕಣ್ಣು. ಬೆಳಗ್ಗೆ ನಾವು ಏಳುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಗುವ ಊರಿನಲ್ಲಿ ಗೀಸರ್ ಕಟ್ಟಿಕೊಂಡು ಏನು ಮಾಡುವುದೆಂದು ಮೈದುನನೇ ಕೇಳಿದ. ಸಾಲದ್ದಕ್ಕೆ ನಮ್ಮ ಬೋರಿನ ಸವುಳು ನೀರಿಗೆ ಒಳಗಿನ ಕಾಯಿಲು ಸುಣ್ಣ ಕಟ್ಟಿ ಹೋಗುತ್ತದಂತೆ. ದುಡ್ಡಿನ ಅಡ್ಡಿಯೇನೂ ಇರಲಿಲ್ಲ. ಎಷ್ಟು ನೀರು ಹಿಡಿಯುತ್ತದೆ, ಎಷ್ಟು ಬೇಗ ಕಾಯುತ್ತದೆ ಎಂದು ಒಂದು ತಾಸು ಚರ್ಚೆ ನಡೆಯಿತು. ಯಾರು ಏಳಬೇಕು ಎಂದು ಒಬ್ಬರೂ ಕೇಳಲಿಲ್ಲ. ಅದು ಅವರ ಲೆಕ್ಕದಲ್ಲಿ ಕೇಳುವ ಮಾತೇ ಆಗಿರಲಿಲ್ಲ.

ರೊಟ್ಟಿ ನೀಡುತ್ತಿದ್ದವಳು ನಾನು, ಹಡಗಲಿಯ ನಮ್ಮ ಅಕ್ಕನ ಮನೆಯ ಮೇಲೆ ಸೋಲಾರ್ ಕೂರಿಸಿದ್ದಾರೆ, ಅದಕ್ಕೆ ಕಟ್ಟಿಗೆಯೂ ಬೇಡ ಕರೆಂಟೂ ಬೇಡ, ಅದನ್ನೇ ಹಾಕಿಸೋಣ ಎಂದೆ. ಬಿಸಿಲಿಗೆ ನಮ್ಮ ಕಡೆ ಏನು ಬರಗಾಲವೇ? ಮಾವ ತಲೆ ಎತ್ತಲೂ ಇಲ್ಲ. ನಾಳೆ ಪೇಟೆಗೆ ಹೋಗಿ ಹಂಡೆ ತರುವುದೆಂದು ತೀರ್ಮಾನ ಹೇಳಿ ಕೈ ತೊಳೆಯಲು ಎದ್ದರು. ಆಗ ನನ್ನ ಬಾಯಿಂದ ಬಂದೇ ಬಿಟ್ಟಿತು.

"ಹಂಡೆ ತರ್ರಿ ಮಾವ, ಬ್ಯಾಡ ಅನ್ನಂಗಿಲ್ಲ. ಆದ್ರ ಅದರ ಒಲಿ ನಾನು ಹಚ್ಚಂಗಿಲ್ಲ."

ಮಾವ ನನ್ನೊಂದಿಗೆ ಮಾತಾಡಲಿಲ್ಲ. ನಿನ್ನ ಹೆಂಡತಿ ಏನೋ ಅನ್ನುತ್ತಿದ್ದಾಳೆ ನೋಡು ಎಂದು ಮಗನಿಗೆ ಹೇಳಿದರು. ಮಗ ಜಂತೆ ಎಣಿಸುತ್ತ ಕೂತ. ಅತ್ತೆ ಒಳಗೆ ಕರೆದು, ಇಂಥ ಮಾತು ಈ ಮನೆಯಲ್ಲಿ ಯಾವ ಸೊಸೆಯೂ ಆಡಿಲ್ಲ ಎಂದರು. ಹಾಗಾದರೆ ಮೊದಲನೆಯವಳು ನಾನೇ ಆಗಲಿ ಅಂದೆ.

ಮರುದಿನ ಐದಕ್ಕೆ ಎಚ್ಚರವಾಯಿತು, ಎದ್ದಿದ್ದು ಮಾತ್ರ ಆರಕ್ಕೆ. ಹಂಡೆ ತರುವ ಮಾತು ಅಲ್ಲಿಗೇ ನಿಂತಿತ್ತು. ಹಿತ್ತಲಲ್ಲಿ ಮೂರು ಕಲ್ಲು ಹೂಡಿ ದೊಡ್ಡ ಅಲ್ಯೂಮಿನಿಯಂ ಪಾತ್ರೆ ಇಟ್ಟುಕೊಂಡು ನನ್ನ ಗಂಡ ಒಲೆಯ ಜೊತೆ ಗುದ್ದಾಡುತ್ತಿದ್ದರು. ಮೊದಲ ದಿನ ಅರ್ಧ ಬಾಟಲಿ ಸೀಮೆಎಣ್ಣೆ ಸುರಿದು ಮೀಸೆಯ ಒಂದು ತುದಿ ಸುಟ್ಟುಕೊಂಡರು. ಎರಡನೆಯ ದಿನ ನೀರಿಗೆಲ್ಲ ಸೀಮೆಎಣ್ಣೆಯ ವಾಸನೆ, ಮಾವ ಪೂಜೆಗೆ ಕೂತಿದ್ದೇ ಎಂಟೂವರೆಗೆ. ಮೂರನೆಯ ದಿನ ಮೈದುನನ ಪಾಳಿ. ಅವನು ತಣ್ಣೀರೇ ಆರೋಗ್ಯಕ್ಕೆ ಒಳ್ಳೆಯದೆಂದು ಭಾಷಣ ಮಾಡಿದ. ನಾಲ್ಕನೆಯ ದಿನ ಮಾವ, ಆ ಸೋಲಾರ್ ಎಲ್ಲಿ ಸಿಗುತ್ತದಂತೆ ಎಂದು ಮಗನನ್ನು ಕೇಳಿದರು. ನನ್ನನ್ನು ಕೇಳಲಿಲ್ಲ. ಬೇಡ ಬಿಡಿ, ನನಗೆ ಬೇಕಾಗಿದ್ದು ಮಾತಲ್ಲ.

ಹಗರಿಬೊಮ್ಮನಹಳ್ಳಿಯಿಂದ ಫಿಟರ್ ಬಂದರು, ನಮ್ಮಪ್ಪನ ವಯಸ್ಸಿನ ಸಾಬರು. ಹಿಂದಿನ ಆರ್‌ಸಿಸಿ ಕೋಣೆಯ ಮೇಲೆ ಡ್ರಮ್ಮು, ಗಾಜಿನ ಹಲಗೆ ಕೂರಿಸಿ, ಬಚ್ಚಲಿಗೆ ಪೈಪು ಇಳಿಸಿದರು. ಚಹಾ ಕುಡಿಯುವಾಗ ನನಗೆ ತಿಳಿಸಿ ಹೇಳಿದರು: ಹಗಲೆಲ್ಲ ಬಿಸಿಲು ಕುಡಿದು ಸಂಜೆ ನಾಲ್ಕರ ಸುಮಾರಿಗೆ ನೀರು ಕೈ ಸುಡುವಂತೆ ಕಾದಿರುತ್ತದೆ, ಬೆಳಗಿನ ತನಕ ಆ ಶಾಖ ಹಿಡಿದಿಟ್ಟುಕೊಳ್ಳುತ್ತದೆ, ಎಷ್ಟು ಬಳಸುತ್ತೀರೋ ಅಷ್ಟು ತಣ್ಣೀರು ಒಳಗೆ ಬಂದು ಸೇರುತ್ತದೆ. ನಾನು ತಲೆ ಆಡಿಸಿದೆ. ಆಗ ಆ ಮಾತಿನ ಬೆಲೆ ನನಗೆ ತಿಳಿದಿರಲಿಲ್ಲ.

ಮರುದಿನ ಬೆಳಗ್ಗೆ ಹಬ್ಬದ ಸಡಗರ. ಕೊಳಾಯಿ ತಿರುಗಿಸಿದರೆ ಹೊಗೆಯಾಡುವ ನೀರು. ಮಾವ ಅರ್ಧ ತಾಸು ಮಿಂದರು. ಗಂಡ, ಮೈದುನ, ಮಕ್ಕಳು ಎಲ್ಲರೂ ಬಕೆಟ್ ಮೇಲೆ ಬಕೆಟ್. ಅತ್ತೆ ಹೊರಬಂದ ಮೇಲೆ ನಾನು ಹೋಗಿ ಕೊಳಾಯಿ ಬಿಟ್ಟೆ. ತಣ್ಣಗೆ ಕೊರೆಯುವ ನೀರು. ಹಂಡೆಯ ತಳದಲ್ಲಿ ಬೆಚ್ಚಗಿನದಾದರೂ ಸಿಗುತ್ತಿತ್ತು, ಇದರಲ್ಲಿ ಅದೂ ಇಲ್ಲ. ಬಚ್ಚಲಲ್ಲೇ ಕೂತು ಅತ್ತುಬಿಟ್ಟೆ. ಒಲೆ ಆರಿಸಿದ್ದೆನೇ ಹೊರತು ಸಾಲು ಹಾಗೇ ಇತ್ತು, ನಾನು ಅದರ ಬಾಲದಲ್ಲೇ ಇದ್ದೆ. ಆಗ ನೆನಪಾಯಿತು, ಸಾಬರು ಹೇಳಿದ ನಾಲ್ಕು ಗಂಟೆ.

ಅವತ್ತು ಸಂಜೆ ನಾಲ್ಕಕ್ಕೆ ಬಚ್ಚಲ ಬಾಗಿಲು ಹಾಕಿಕೊಂಡೆ. ನೀರು ಎಷ್ಟು ಕಾದಿತ್ತೆಂದರೆ ಹದ ಮಾಡಿಕೊಳ್ಳಲು ತಣ್ಣೀರು ಬೆರೆಸಬೇಕಾಯಿತು. ನೀರು ಹೆಚ್ಚಾಗಲಿ ಎಂದಲ್ಲ, ಬಿಸಿ ಹೆಚ್ಚಾಯಿತೆಂದು ತಣ್ಣೀರು ಬೆರೆಸಿದ್ದು ಆ ಮನೆಯಲ್ಲಿ ಅದೇ ಮೊದಲು. ತಲೆಗೂ ಎರೆದುಕೊಂಡೆ. ಬೆನ್ನ ಮೇಲೆ ಇಳಿಯುವ ನೀರಿಗೆ ಮೈಯ ಒಂದೊಂದು ಗಂಟೂ ಸಡಿಲವಾಯಿತು. ಯಾರಿಗೂ ಉಳಿಸಬೇಕೆಂದು ಅನಿಸಲಿಲ್ಲ.

ಹೊರಗೆ ಬಂದರೆ ಅತ್ತೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. ಹೊತ್ತು ಇಳಿದ ಮೇಲೆ ತಲೆಗೆ ನೀರು ಹಾಕಿಕೊಳ್ಳುವವರು ನಮ್ಮಲ್ಲಿ ಒಬ್ಬರೇ, ಸತ್ತವರ ಮಣ್ಣಿಗೆ ಹೋಗಿ ಬಂದವರು.

"ಯಾರ ಮಣ್ಣಿಗೆ ಹೋಗಿದ್ದಿ ಯವ್ವಾ?"

"ಯಾರ ಮಣ್ಣಿಗೂ ಇಲ್ಲತ್ತಿ. ನಾನಿನ್ನೂ ಬದುಕೀನಿ, ಅದಕ್ಕ ಮೈ ತೊಳಕೊಂಡೆ."

ಆಡಿದ್ದಾಯಿತು. ಆದರೆ ಎದುರುಮನೆಯಾಕೆ ನನ್ನ ಒದ್ದೆ ಕೂದಲನ್ನೂ ಹಗ್ಗದ ಮೇಲಿನ ಒದ್ದೆ ಸೀರೆಯನ್ನೂ ನೋಡಿ ತಾನೇ ಲೆಕ್ಕ ಹಾಕಿದ್ದಳು. ಹಲವಾಗಲು ಊರಿನಲ್ಲಿದ್ದ ಮಾವನ ಅಕ್ಕ ಒಂದು ತಿಂಗಳಿಂದ ಹಾಸಿಗೆ ಹಿಡಿದದ್ದು ಓಣಿಗೆಲ್ಲ ಗೊತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ನಾಲ್ಕು ಜನ ಹೆಂಗಸರು ಸೆರಗು ಬಾಯಿಗೆ ಹಿಡಿದು ಬಂದರು. ಒಬ್ಬಾಕೆ ಮಾವನ ಮುಂದೆ ಕೂತು ಅಳಲು ಶುರು ಮಾಡಿದಳು. ಪಾಪ, ಗಂಜಿ ಕುಡಿಯುತ್ತ ಗಟ್ಟಿಯಾಗಿದ್ದ ಮುದುಕಿಯನ್ನು ನಮ್ಮ ಓಣಿ ಒಂದು ತಾಸು ಸಾಯಿಸಿತು. ಅವರನ್ನೆಲ್ಲ ಕಳಿಸಿದ ಮೇಲೆ ಮಾವ ಪಡಸಾಲೆಯಲ್ಲಿ ಎಲ್ಲರಿಗೂ ಕೇಳುವಂತೆ, ನಾಳೆಯಿಂದ ಸಂಜೆ ಯಾರೂ ಬಿಸಿನೀರಿನ ಕೊಳಾಯಿ ಮುಟ್ಟಕೂಡದು ಎಂದರು.

ಮರುದಿನ ಸಂಜೆ ನಾಲ್ಕಕ್ಕೆ ನಾನು ಕೊಳಾಯಿ ಮುಟ್ಟಿದೆ. ಮಾವ ಪಡಸಾಲೆಯಲ್ಲೇ ಇದ್ದರು, ಅವರ ಮುಂದೆಯೇ ಟವೆಲು ಹೆಗಲಿಗೆ ಹಾಕಿಕೊಂಡು ಹೋದೆ. ಅವತ್ತು ಸ್ವಲ್ಪ ಮೋಡವೂ ಇತ್ತು. ಹೀಗಾಗಿ ಅದರ ಮರುಬೆಳಗ್ಗೆ ಮಾವ ಬಚ್ಚಲಿನಿಂದ ಅರ್ಧಕ್ಕೇ ಎದ್ದು ಬಂದರು, ಮೈಮೇಲೆ ಒದ್ದೆ ಪಂಚೆ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ನೇರ ನನ್ನ ಮುಖ ನೋಡಿ ಮಾತಾಡಿದರು.

"ನೀರು ಉಗುರುಬೆಚ್ಚಗ ಅದಾವು."

"ಹೌದ್ರಿ ಮಾವ," ಎಂದೆ. "ಹದಿನಾಲ್ಕು ವರ್ಷ ನಾನು ಮೈ ತೊಳಕೊಂಡಿದ್ದು ಇಂಥಾ ನೀರಾಗ."

ಮಾವ ಬಾಯಿ ತೆರೆದರು. ಅಷ್ಟರಲ್ಲಿ ಅಡುಗೆಮನೆಯ ಹೊಸ್ತಿಲಲ್ಲಿ ಅಕ್ಕಿ ಆರಿಸುತ್ತಿದ್ದ ಅತ್ತೆ, ಮೊರದಿಂದ ತಲೆ ಎತ್ತದೆಯೇ ಅಂದರು: "ನಂದು ಇಪ್ಪತ್ತೆಂಟು ವರ್ಷ."

ನಾನು ಬರುವ ಮುಂಚೆ ಆ ಸಾಲಿನ ಕೊನೆಯಲ್ಲಿ ಯಾರಿದ್ದರು ಎಂದು ಹದಿನಾಲ್ಕು ವರ್ಷದಲ್ಲಿ ನಾನೂ ಒಂದು ದಿನವೂ ಯೋಚಿಸಿರಲಿಲ್ಲ. ಅದಕ್ಕೆ ನನಗೆ ಇವತ್ತಿಗೂ ನಾಚಿಕೆಯಿದೆ. ಮಾವ ಒಳಗೆ ಹೋಗಿ ಅದೇ ನೀರಲ್ಲಿ ಸ್ನಾನ ಮುಗಿಸಿದರು.

ಅವತ್ತು ಸಂಜೆ ನಾಲ್ಕಕ್ಕೆ ಟವೆಲು ಹಿಡಿದು ಹೋದರೆ ಬಚ್ಚಲ ಬಾಗಿಲಿಗೆ ಒಳಗಿನಿಂದ ಅಗಳಿ ಬಿದ್ದಿತ್ತು. ತಂಬಿಗೆಯ ಸದ್ದು ಬಹಳ ಹೊತ್ತು ಕೇಳಿತು. ಆಮೇಲೆ ಅತ್ತೆ ಕೆಂಪಗಾದ ಮುಖ ಹೊತ್ತು ಹೊರಬಂದು, ಒದ್ದೆ ಬಿಳಿಗೂದಲು ಬೆನ್ನ ತುಂಬ ಹರವಿಕೊಂಡು, ಓಣಿಗೆಲ್ಲ ಕಾಣುವಂತೆ ಬಾಗಿಲ ಕಟ್ಟೆಯ ಮೇಲೆ ಕೂತರು. ಎದುರುಮನೆಯಾಕೆ ಗಾಬರಿಯಾಗಿ ಓಡಿ ಬಂದು, ಈ ಸಲ ನಿಜವಾಗಿಯೂ ಯಾರು ಹೋದರೆಂದು ಕೇಳಿದಳು.

"ಯಾರೂ ಹೋಗಿಲ್ಲ ಯವ್ವಾ," ಎಂದರು ಅತ್ತೆ, ಕೂದಲು ಬಿಡಿಸಿಕೊಳ್ಳುತ್ತ. "ನೀರು ಬಿಸಿ ಇದ್ದುವು, ಮೈ ತೊಳಕೊಂಡೆ."