ಹಿಂಬದಿ ಕಿಂಡಿ

ನಮ್ಮ ಮನೆಯವರು ಈಗ ಯಾರ ಮನೆಗೆ ಹೋದರೂ ಕಾಫಿ ಕುಡಿಯುವ ಮೊದಲು ಬಚ್ಚಲುಮನೆ ಎಲ್ಲಿ ಎಂದು ಕೇಳುತ್ತಾರೆ. ವಯಸ್ಸಾಯಿತಲ್ಲ, ಸಕ್ಕರೆ ಕಾಯಿಲೆ ಇರಬೇಕು ಎಂದುಕೊಂಡು ಜನ ದಾರಿ ತೋರಿಸುತ್ತಾರೆ. ಇವರು ಒಳಗೆ ಹೋಗಿ, ಕತ್ತೆತ್ತಿ ವೆಂಟಿಲೇಟರ್ ನೋಡಿ, ಗಾಳಿ ಆಡುತ್ತದೆಯೇ ಎಂದು ಕೈಯೆತ್ತಿ ಪರೀಕ್ಷಿಸಿ ಹೊರಗೆ ಬರುತ್ತಾರೆ. ಅಷ್ಟು ಹೊತ್ತೂ ನಾನು ಸೋಫಾದ ಮೇಲೆ ತಲೆತಗ್ಗಿಸಿ ಕೂತಿರುತ್ತೇನೆ.

ಅವರ ಹೆಸರು ರಾಮಪ್ರಸಾದ. ಮೂವತ್ತಾರು ವರ್ಷ ರೈಲ್ವೆಯಲ್ಲಿದ್ದು ಸ್ಟೇಷನ್ ಮಾಸ್ಟರ್ ಆಗಿ ನಿವೃತ್ತರಾದವರು. ಜಯನಗರ ಐದನೇ ಬ್ಲಾಕಿನ ಮನೆಗೆ ಬರುವಾಗ ಸ್ಟೇಷನ್ನನ್ನೂ ಹೊತ್ತುಕೊಂಡೇ ಬಂದರು. ಎರಡು ಕಟ್ಟು ಕೊತ್ತಂಬರಿ ತನ್ನಿ ಎಂದರೆ, "ಎರಡು ಕಟ್ಟು ಕೊತ್ತಂಬರಿ" ಎಂದು ತಿರುಗಿ ಹೇಳಿದ ಮೇಲೆಯೇ ಚಪ್ಪಲಿ ಮೆಟ್ಟುವುದು. ನಾನೂ ಅವರ ಮಾತನ್ನು ಹಾಗೆಯೇ ತಿರುಗಿ ಹೇಳಬೇಕು, ಇಲ್ಲದಿದ್ದರೆ ಮುಖ ಊದಿಕೊಳ್ಳುತ್ತಿತ್ತು. "ಆರ್ಡರ್ ಕೇಳಿಸ್ಕೊಂಡೋರು ತಿರುಗಿ ಹೇಳ್ಬೇಕು ಪಂಕಜಾ. ಇಲ್ದಿದ್ರೆ ಎರಡು ಗಾಡಿ ಒಂದೇ ಲೈನಿಗೆ ಬರತ್ತೆ" ಎನ್ನುತ್ತಿದ್ದರು. ಕೊತ್ತಂಬರಿ ಸೊಪ್ಪಿಗೆ ಯಾವ ಗಾಡಿ ಎದುರು ಬರುತ್ತದಪ್ಪಾ ಎಂದು ನಾನು ಒಳಗೊಳಗೇ ಬೈದುಕೊಳ್ಳುತ್ತಿದ್ದೆ.

ಇಂಥವರಿಗೆ ನನ್ನ ತಂಗಿಯ ಮಗಳು ಧೃತಿ ಕಂಪ್ಯೂಟರಿನಲ್ಲಿ ಒಂದು ಆಟ ಹಾಕಿಕೊಟ್ಟಳು. ಆಕಾಶನೌಕೆಯಲ್ಲಿ ಗ್ರಹದಿಂದ ಗ್ರಹಕ್ಕೆ ಸರಕು ಸಾಗಿಸಿ ವ್ಯಾಪಾರ ಮಾಡುವ ಆಟ. ಆಟದಲ್ಲಿ ಇವರು ಮೂರೇ ದಿನಕ್ಕೆ ಕೈಚೆಲ್ಲಿದರು. ಆದರೆ ಅದೇ ಆಟದ ಹುಚ್ಚಿರುವ ಕನ್ನಡದವರು ಸೇರಿ ಮಾಡಿಕೊಂಡ ಆನ್‌ಲೈನ್ ಗುಂಪೊಂದು ಸಿಕ್ಕಿತು, ‘ಧ್ರುವ ಬಂದರು’ ಎಂದು. ಅಲ್ಲಿ ಆಡುವುದಲ್ಲ, ಬರೆಯುವುದು. ಒಬ್ಬೊಬ್ಬರೂ ಒಂದೊಂದು ನೌಕೆಯ ಕಪ್ತಾನರ ವೇಷ ಹಾಕಿ ದಿನವೂ ಬೆಳಿಗ್ಗೆ ದಿನಚರಿ ಬರೆಯಬೇಕು. ಇವರು ಬಂದರಿನ ಅಧಿಕಾರಿ. ಇವರು ‘ಲೈನ್ ಕ್ಲಿಯರ್’ ಕೊಡದೆ ನಲವತ್ತು ನೌಕೆಗಳಲ್ಲಿ ಒಂದೂ ಹೊರಡುವಂತಿಲ್ಲ. ಇವರ ಆದೇಶವನ್ನು ಕಪ್ತಾನರು ಇದ್ದ ಹಾಗೆಯೇ ತಿರುಗಿ ಬರೆಯಬೇಕು. ಅರವತ್ತೆಂಟನೇ ವಯಸ್ಸಿನಲ್ಲಿ ಮತ್ತೆ ಸ್ಟೇಷನ್ ಸಿಕ್ಕಿತೆಂದು ಅವರು ಖುಷಿಯಾಗಿದ್ದರು. ಅವರ ಕಾಟ ತಪ್ಪಿತೆಂದು ನನಗೂ ಖುಷಿಯಾಯಿತು.

ಆ ದಿನಚರಿಯ ಮಜಾ ಏನೆಂದರೆ, ತಮ್ಮ ನಿಜವಾದ ದಿನವನ್ನೇ ನೌಕೆಯ ಮಾತಿನಲ್ಲಿ ಬರೆಯುವುದು. ಸಿಲ್ಕ್ ಬೋರ್ಡಿನ ಟ್ರಾಫಿಕ್ಕು ‘ಉಲ್ಕೆಗಳ ರಾಶಿ’. ಮ್ಯಾನೇಜರು ‘ದರೋಡೆಕೋರರ ನಾಯಕ’. ಬಚ್ಚಲುಮನೆ ‘ಶುದ್ಧಿ ಕೋಣೆ’. ನಲ್ಲಿಯಲ್ಲಿ ನೀರು ಬರದಿದ್ದರೆ ‘ಇಂಧನ ಮುಗಿದಿದೆ’. ನಿಜವಾದ ಹೆಸರು, ಊರು, ಸಂಸಾರದ ಸುದ್ದಿ ಎತ್ತಿದರೆ ಅದು ‘ನೆಲದ ಮಾತು’. ನೆಲದ ಮಾತು ಕೂಡದೆಂದು ನಿಯಮ ಮಾಡಿದವರು ನಮ್ಮವರೇ. ಸಾಲದ್ದಕ್ಕೆ ಧೃತಿಯ ಕೈಯಲ್ಲಿ ಒಂದು ಕಾವಲು ಪ್ರೋಗ್ರಾಮ್ ಹಾಕಿಸಿದರು. ಮನೆ, ಆಫೀಸು, ಬಾಡಿಗೆ, ಹೆಂಡತಿ, ಬಚ್ಚಲು, ಅಡುಗೆ ಎಂದು ಇನ್ನೂರು ಮಾತುಗಳ ಪಟ್ಟಿಯನ್ನು ಕೂತು ಬರೆದುಕೊಟ್ಟರು. ಅವುಗಳಲ್ಲಿ ಒಂದು ಕಂಡರೂ ಸಂದೇಶ ಆ ಕ್ಷಣವೇ ಅಳಿಸಿಹೋಗುತ್ತಿತ್ತು.

ಕಳೆದ ಡಿಸೆಂಬರಿನಲ್ಲಿ ಅವರಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಹತ್ತು ದಿನ ಸ್ಕ್ರೀನ್ ನೋಡಕೂಡದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದರು. ಕರಿ ಕನ್ನಡಕ ಹಾಕಿಕೊಂಡು ಕುರ್ಚಿಯಲ್ಲಿ ಕೂತು, "ನೀನು ಓದು, ನಾನು ಹೇಳ್ತೀನಿ, ನೀನೇ ಟೈಪ್ ಮಾಡು" ಎಂದರು. ಹೀಗೆ ನಾನು, ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿದವಳು, ಬಂದರಿನ ಗುಮಾಸ್ತೆಯಾದೆ.

ಮೊದಮೊದಲು ನಗು ಬರುತ್ತಿತ್ತು. ಆಮೇಲೆ ಚಟವೇ ಹತ್ತಿತು. ಅದರಲ್ಲೂ ‘ದುಂಡವ್ವ’ ಎಂಬ ನೌಕೆಯ ಕಪ್ತಾನ ನನಗೆ ಅಚ್ಚುಮೆಚ್ಚು. ಹೊಸದಾಗಿ ಮದುವೆಯಾದವನು ಎಂದು ಓದಿದರೇ ಗೊತ್ತಾಗುತ್ತಿತ್ತು. ಸಹಚಾಲಕಿ ಇವತ್ತು ಖಡಕ್ ರೊಟ್ಟಿ ಎಂಬ ರಕ್ಷಾಕವಚ ತಯಾರಿಸಿದಳು, ಸಹಚಾಲಕಿ ನಕ್ಕಳು, ಸಹಚಾಲಕಿಗೆ ಈ ಗ್ರಹದ ಚಳಿ ಆಗುವುದಿಲ್ಲ. ಬರೀ ಅವಳದೇ ಜಪ. ದಿನವೂ ಎಂಟಕ್ಕೆ ಸ್ವಲ್ಪ ಮುಂಚೆ ಬರೆದು, ಲೈನ್ ಕ್ಲಿಯರ್ ಪಡೆದು, ಬೈಕಿನಲ್ಲಿ ಉಲ್ಕೆಗಳ ಕಡೆಗೆ ಹೊರಡುತ್ತಿದ್ದ.

ಒಂದು ಸೋಮವಾರ ಅವನು ಹೀಗೆ ಬರೆದ: ಹಿಂಬದಿ ಕಿಂಡಿಯಿಂದ ರೆಕ್ಕೆಯ ಜೀವಿಗಳು ನುಗ್ಗುತ್ತಿವೆ, ಕಸಕಡ್ಡಿ ಬೀಳುತ್ತಿದೆ, ಚಳಿಗಾಳಿಗೆ ಸಹಚಾಲಕಿ ನಡುಗುತ್ತಿದ್ದಾಳೆ, ಬಂದರು ಆದೇಶ ಕೊಡಬೇಕು.

"ಪಾರಿವಾಳ ಕಣ್ರೀ" ಎಂದು ನಾನು ನಕ್ಕೆ.

"ಗೊತ್ತಾಯ್ತು. ಬರ್ಕೋ. ಹಿಂಬದಿ ಕಿಂಡಿಯನ್ನು ಭದ್ರವಾಗಿ ಮುಚ್ಚಿ. ಮುಚ್ಚಿ ವರದಿ ಕೊಡಿ" ಎಂದರು.

ಅಷ್ಟನ್ನು ಬರೆದೆ. ನನ್ನ ಅಡುಗೆಮನೆಯ ಕಿಟಕಿಗೂ ಪಾರಿವಾಳದ ಕಾಟವಿತ್ತು, ನಾನು ಅದನ್ನು ಗೆದ್ದವಳು. ಆ ಹುಡುಗಿಗೆ ಉಪಕಾರವಾಗಲಿ ಎಂದು ನಾನೇ ಒಂದು ಸಾಲು ಸೇರಿಸಿದೆ: ‘ಒಳಗಿನಿಂದ ರಟ್ಟು ಇಟ್ಟು, ಸುತ್ತ ಟೇಪ್ ಅಂಟಿಸಿ, ಗಾಳಿ ಒಂದೆಳೆಯೂ ಬರಬಾರದು.’ ಇವರಿಗೆ ಓದಿ ಹೇಳಲಿಲ್ಲ. ಬಂದರಿನ ಆದೇಶಕ್ಕೆ ಕೈಹಾಕಿದೆ ಎಂದು ರೇಗುತ್ತಾರಲ್ಲ ಎಂದು ಸುಮ್ಮನಾದೆ. ಸಂಜೆ ಕಪ್ತಾನ ಪೂರ್ತಿ ಆದೇಶವನ್ನು ತಿರುಗಿ ಬರೆದು, ಮುಚ್ಚಲಾಗಿದೆ ಎಂದು ವರದಿ ಕೊಟ್ಟ. ಆ ಹೊತ್ತಿಗೆ ಇವರು ವಾಕಿಂಗ್ ಹೋಗಿದ್ದರು. ಬಂದ ಮೇಲೆ, "ಮುಚ್ಚಿದ್ನಂತೆ" ಎಂದಷ್ಟೇ ಹೇಳಿದೆ.

ಬುಧವಾರದ ದಿನಚರಿಯಲ್ಲಿ ಸಹಚಾಲಕಿಗೆ ತಲೆನೋವು. ಗುರುವಾರ ವಾಕರಿಕೆ, ಕಣ್ಣು ಕತ್ತಲೆ, ಬೆಳಿಗ್ಗೆ ಶುದ್ಧಿ ಕೋಣೆಯಿಂದ ಹೊರಗೆ ಬಂದವಳು ಗೋಡೆ ಹಿಡಿದು ಕೂತಳು ಎಂದಿತ್ತು. ಗುಂಪಿನಲ್ಲಿ ಹಬ್ಬವೇ ಎದ್ದಿತು. ಹೊಸ ಪ್ರಯಾಣಿಕ ಬರುತ್ತಿದ್ದಾನೆ ಎಂದು ಒಬ್ಬ, ತೊಟ್ಟಿಲಿನ ಸರಕು ನಮ್ಮ ನೌಕೆಯಲ್ಲೇ ಬರಲಿ ಎಂದು ಇನ್ನೊಬ್ಬ. ಸಂಜೆಯ ಹೊತ್ತಿಗೆ ಹುಷಾರಾಗುತ್ತಾಳೆ ಎಂದು ಕಪ್ತಾನ ಬರೆದಿದ್ದ. ಬಸುರಿಯರಿಗೆ ಹಾಗೇ ಆಗುವುದು ಎಂದು ನಾನೂ ನಂಬಿದೆ. ನಮ್ಮವರು ಬಂದರಿನ ಪರವಾಗಿ ಶುಭಾಶಯ ಹೇಳಿಸಿದರು, ನಾನು ಸಂತೋಷದಿಂದಲೇ ಟೈಪ್ ಮಾಡಿದೆ.

ಶುಕ್ರವಾರ ಬೆಳಿಗ್ಗೆ ಎದುರು ಮನೆಯ ಅಲಮೇಲು ಅವರ ಹತ್ತಿರ ಹೆಪ್ಪಿಗೆಂದು ಹೋದವಳು ಮಾತಿಗೆ ನಿಂತು ತಡವಾಗಿ ಬಂದೆ. ಎಂಟೂಕಾಲಿಗೆ ದಿನಚರಿ ತೆಗೆದು ಗಟ್ಟಿಯಾಗಿ ಓದತೊಡಗಿದೆ. ‘ಇವತ್ತು ಶುದ್ಧಿ ಕೋಣೆಯಿಂದ ಬಂದ ಕಪ್ತಾನನಿಗೂ ತಲೆ ಸುತ್ತುತ್ತಿದೆ, ವಾಕರಿಕೆ ಬರುತ್ತಿದೆ. ಸಹಚಾಲಕಿಯ ಕಾಯಿಲೆ ನನಗೂ ಅಂಟಿತೇ? ಲೈನ್ ಕ್ಲಿಯರಿಗೆ ಕಾಯಲು ಸಮಯವಿಲ್ಲ, ಹೊರಟೆ. ಸಹಚಾಲಕಿ ಈಗ ಶುದ್ಧಿಗೆ ಹೋಗುವವಳಿದ್ದಾಳೆ.’

ಅಲ್ಲಿಗೇ ಓದು ನಿಲ್ಲಿಸಿದೆ. ಬಸುರಿಯ ವಾಕರಿಕೆ ಗಂಡನಿಗೆ ಅಂಟುವುದಿಲ್ಲ.

"ಯಾಕೆ ನಿಲ್ಲಿಸ್ದೆ?" ಎಂದರು.

"ಆ ಕಿಂಡಿ ಯಾವ ಕೋಣೇದು ರೀ?"

ಅವರಿಗೆ ನೆನಪಿರಲಿಲ್ಲ. ನಾನು ಹಳೆಯ ದಿನಚರಿಗಳನ್ನು ಮೇಲಕ್ಕೆ ಸರಿಸಿ ಹುಡುಕಿದೆ. ನವೆಂಬರ್ ಕೊನೆಯಲ್ಲಿ ಸಿಕ್ಕಿತು: ‘ನೌಕೆಯ ಮಾಲೀಕರು ಶುದ್ಧಿ ಕೋಣೆಯ ಹಿಂಬದಿ ಕಿಂಡಿಯ ಕೆಳಗೆ ಹೊಸ ಕುಲುಮೆ ಕೂಡಿಸಿದರು. ಸಿಲಿಂಡರಿನಿಂದ ಉರಿಯುತ್ತದೆ. ನೀರು ತಕ್ಷಣ ಬಿಸಿ.’ ಗ್ಯಾಸ್ ಗೀಸರ್! ಅಲಮೇಲು ಅವರ ಮನೆಗೆ ಅದನ್ನು ಹಾಕಲು ಬಂದವನು ನನ್ನೆದುರಿಗೇ ಹೇಳಿದ್ದ, "ಅಮ್ಮ, ವೆಂಟಿಲೇಟರ್ ಮಾತ್ರ ಮುಚ್ಬೇಡಿ. ವಿಷದ ಗಾಳಿ ಒಳಗೇ ತುಂಬ್ಕೊಳ್ಳತ್ತೆ. ವಾಸನೆನೂ ಬರಲ್ಲ, ಗೊತ್ತೂ ಆಗಲ್ಲ, ಪ್ರಾಣ ಹೋಗ್ಬಿಡತ್ತೆ."

ಬಚ್ಚಲಿನ ಕಿಟಕಿ ತೆಗೆಯಿರಿ, ಗೀಸರ್ ಆರಿಸಿ, ಹೆಂಡತಿಗೆ ಈಗಲೇ ಫೋನ್ ಮಾಡಿ ಎಂದು ಟೈಪ್ ಮಾಡಿ ಕಳಿಸಿದೆ. ಸಂದೇಶ ಕಾಣಿಸಿತು, ಮಾಯವಾಯಿತು. ‘ನೆಲದ ಮಾತು ನಿಷಿದ್ಧ’ ಎಂದು ಬಂತು. ಮತ್ತೆ ಕಳಿಸಿದೆ, ಮತ್ತೆ ಮಾಯ.

"ನಿಮ್ಮ ದರಿದ್ರ ಕಾವಲು ಅಳಿಸ್ತಾ ಇದೆ ರೀ! ಹೇಗೆ ನಿಲ್ಲಿಸೋದು ಇದನ್ನ?" ಎಂದು ಕಿರುಚಿದೆ.

"ಧೃತಿಗೆ ಗೊತ್ತು, ನಂಗೆ ಗೊತ್ತಿಲ್ಲ" ಎನ್ನುತ್ತಾ ಅವರು ಎದ್ದು ನಿಂತರು. ಧೃತಿ ಫೋನ್ ಎತ್ತಲಿಲ್ಲ. ಇವರ ದನಿ ಹಳೆಯ ಸ್ಟೇಷನ್ ಮಾಸ್ಟರರದೇ ಆಯಿತು. "ನೌಕೆ ಭಾಷೇಲಿ ಬರಿ. ದುಂಡವ್ವ ನೌಕೆಗೆ ತುರ್ತು ಆದೇಶ. ಕುಲುಮೆ ಆರಿಸಿ. ಹಿಂಬದಿ ಕಿಂಡಿ ಈಗಲೇ ತೆರೆಯಿರಿ. ಸಹಚಾಲಕಿ ಶುದ್ಧಿ ಕೋಣೆಗೆ ಹೋಗಬಾರದು. ಇದು ಆಟವಲ್ಲ. ತಿರುಗಿ ಹೇಳಿ."

ಅದು ಉಳಿಯಿತು. ಆಗ ಎಂಟೂ ಮೂವತ್ತೊಂದು. ಕಪ್ತಾನ ಬೈಕಿನ ಮೇಲಿರುತ್ತಾನೆ, ಫೋನು ಜೇಬಿನಲ್ಲಿರುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಕೆಳಗೆ ಉಳಿದ ಕಪ್ತಾನರ ಉತ್ತರಗಳು ಬೀಳತೊಡಗಿದವು. ಸಖತ್ ಟ್ವಿಸ್ಟ್ ಸಾರ್. ‘ಆಟವಲ್ಲ’ ಅಂತ ಹಾಕಿದ್ದು ಸೂಪರ್. ಕಥೆ ಈಗ ರಂಗೇರಿತು ಗುರು. ಇದು ನಿಜ ಎಂದು ಬರೆದೆ. ಅದಕ್ಕೂ ಚಪ್ಪಾಳೆ ಬಂತು. ಅವನ ಹೆಸರೇ ಗೊತ್ತಿಲ್ಲದೆ ಪೊಲೀಸರಿಗೆ ಏನು ಹೇಳುವುದು? ಅವನಿದ್ದದ್ದು ಬಿಟಿಎಂ ಲೇಔಟಿನಲ್ಲಿ ಎಂದು ಆಮೇಲೆ ತಿಳಿಯಿತು. ನಮ್ಮ ಮನೆಯಿಂದ ಆಟೋದಲ್ಲಿ ಇಪ್ಪತ್ತು ನಿಮಿಷ.

ಒಂಬತ್ತಾಯಿತು, ಹತ್ತಾಯಿತು. "ತಿರುಗಿ ಹೇಳಿದ್ನಾ?" ಎಂದು ಅವರು ಕೇಳುತ್ತಲೇ ಇದ್ದರು. ಇಲ್ಲ ಎನ್ನುತ್ತಲೇ ಇದ್ದೆ. ಇಬ್ಬರೂ ಊಟ ಮಾಡಲಿಲ್ಲ. ಅವಳಿಗೆ ಏನೂ ಆಗದಿದ್ದರೆ ಬನಶಂಕರಿಯಮ್ಮನಿಗೆ ನಿಂಬೆಹಣ್ಣಿನ ದೀಪ ಹಚ್ಚುತ್ತೇನೆ ಎಂದು ಹರಕೆ ಹೊತ್ತೆ.

ನಾಲ್ಕೂವರೆಗೆ ಫೋನು ಸದ್ದು ಮಾಡಿತು. ನೋಟಿಫಿಕೇಶನ್ನಿನಲ್ಲಿ ದುಂಡವ್ವ ನೌಕೆಯ ಹೆಸರು. ಗುಂಪು ತೆರೆದರೆ ಅಲ್ಲಿ ಏನೂ ಇರಲಿಲ್ಲ, ಕಾವಲು ಅಳಿಸಿಹಾಕಿತ್ತು. ನೋಟಿಫಿಕೇಶನ್ನಿನಲ್ಲಿ ಮಾತ್ರ ಉಳಿದಿತ್ತು.

"ಓದು" ಎಂದರು. ನಾನು ಒಮ್ಮೆ ಮನಸ್ಸಿನಲ್ಲೇ ಓದಿಕೊಂಡೆ. ಒಂದು ಸಾಲು ಬಿಟ್ಟು ಓದಿದರೆ ಇವರಿಗೆ ಗೊತ್ತಾಗುವುದಿಲ್ಲ, ಕಣ್ಣಿಗೆ ಕರಿ ಕನ್ನಡಕವಿದೆ ಎಂಬ ಯೋಚನೆ ಬಂತು. ಬಂದದ್ದು ನಿಜ, ಮುಚ್ಚಿಡುವುದಿಲ್ಲ. ಆಮೇಲೆ ಎಲ್ಲವನ್ನೂ ಓದಿದೆ.

"ಸರ, ನಾ ಬಸವಂತ ಅಂತ್ರಿ. ನಿಮ್ಮ ಆದೇಶ ಆಫೀಸಿಗೆ ಬಂದು ನೋಡಿದೆ. ಮನಿಗೆ ಓಡಿ ಬಂದೆ. ಬಚ್ಚಲ ಬಾಗಲಾ ಒಡದು ಒಳಗ ಹೋದ್ವಿ. ಅನ್ನಪೂರ್ಣಾ ಹೋಗಿಬಿಟ್ಟಾಳ್ರಿ. ನೀವು ಹೇಳಿದಂಗ ರಟ್ಟು ಇಟ್ಟು, ಸುತ್ತ ಟೇಪ್ ಹಚ್ಚಿದ್ದೆ. ಈಗ ತಗದೀನ್ರಿ. ಹಿಂಬದಿ ಕಿಂಡಿ ತಗದೀನಿ."

ಅವರ ಕನ್ನಡಕದ ಕೆಳಗಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಆಮೇಲೆ ಮುಖವನ್ನು ನನ್ನ ಕಡೆ ತಿರುಗಿಸಿದರು.

"ರಟ್ಟು, ಟೇಪು ಅಂತ ನಾನು ಹೇಳಿರ್ಲಿಲ್ವಲ್ಲ, ಪಂಕಜಾ?"

"ನಾನೇ ಸೇರಿಸ್ದೆ ರೀ" ಎಂದೆ.

ಕೇಳಿಸಿಕೊಂಡದ್ದನ್ನು ತಿರುಗಿ ಹೇಳದೆ ಬಿಟ್ಟವರಲ್ಲ ಅವರು. ಅವತ್ತು ಹೇಳಲಿಲ್ಲ.